ಆಟದ ತಂಡದವರು ಮಾಡುವ ಔತಣ

ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಕೆಲವರ ಮಕ್ಕಳು ಈಗ ಅಮೇರಿಕಾ ದೇಶದ ಕಾಲೇಜುಗಳಲ್ಲಿ ವ್ಯಾಸಂಗ ಮಾಡುತ್ತಿರುವದು ವಾಚಕರಿಗೆ ತಿಳಿದ ವಿಷಯವೇ. ಕೆಲವು ತಿಂಗಳ ಹಿಂದೆ ಅಂಥ ತಾಯಿಯೊಬ್ಬರು ನಮ್ಮಲ್ಲಿಗೆ ಬಂದು, ಮಗಳು ಓದುವ ಕಾಲೇಜಿನಿಂದ ತಮಗೆ ಬಂದಿದ್ದ ಒಂದು ಆಮಂತ್ರಣವನ್ನು ತೋರಿಸಿದರು. ಕಾಲೇಜಿನ ಹುಡುಗಿಯರ ಬಾಸ್ಕೆಟ್ ಬಾಲ್ ತಂಡದವರು ಒಂದು ಸಾಯಂಕಾಲ ಔತಣವನ್ನು ಏರ್ಪಡಿಸಿರುವರೆಂದೂ, ಆಟಗಾರ್ತಿಯರ ಜತೆಯಲ್ಲಿ ಕುಳಿತು ಊಟ ಮಾಡಬಹುದೆಂದೂ, ತಲೆಗೆ ಇಷ್ಟು ಡಾಲರೆಂದೂ ಅದರಲ್ಲಿ ಕಂಡಿತ್ತು. "ಟೀಚರೇ, ಊಟಕ್ಕೆ ಕರೆದವರು ಎಲೆಗೆ ಹಣ ಕೇಳುವದು ಎಲ್ಲಿಯ ಪದ್ಧತಿ? ಇಷ್ಟು ದೊಡ್ಡ ಕಾಲೇಜಿಗೆ ಚೆಂಡು ಕೊಳ್ಳಲು ಗತಿಯಿಲ್ಲವೋ?" ಎಂದು ಅವರು ಕೇಳಿದರು. ಆಗ ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಯಾಗುವಂತಿರಲಿಲ್ಲ. ಆಮೇಲೆ ಓದಿ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ. ಯಾಕಂದರೆ ಇಂಥ ಆಮಂತ್ರಣವು ಇನ್ನೂ ಕೆಲವರ ಮನೆಗೆ ಬಂದಿರಬಹುದು.

ಆ ದೇಶದಲ್ಲಿ ಕಾಲೇಜಿನ ಆಟವೆಂದರೆ ಪಾಠ ಮುಗಿದ ಮೇಲೆ ಸಂಜೆಯ ಹೊತ್ತು ಮಾಡುವ ವ್ಯಾಯಾಮ ಮಾತ್ರವಲ್ಲ. ಅದನ್ನು ನೋಡಲು ಊರಿಗೆ ಊರೇ ಕೂಡುವದು. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,00,000 ಕ್ಕೂ ಮಿಕ್ಕಿದ ಜನರು ಒಂದೇ ಸಲಕ್ಕೆ ಕುಳಿತುಕೊಳ್ಳಬಹುದು ಎಂದರೆ ಅದರ ಪ್ರಮಾಣವು ತಿಳಿದೀತು. ಆದರೆ ಇಷ್ಟು ಜನರು ಬರುವದು ಗಂಡುಮಕ್ಕಳ ಫುಟ್‌ಬಾಲಿಗೆ. ಅದೂ ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರದೇ ಆಟ. ಈಜುವವರನ್ನೂ ದೋಣಿ ಹುಟ್ಟು ಹಾಕುವವರನ್ನೂ ಹಾಕಿ ಆಡುವವರನ್ನೂ ನೋಡಲು ಹಣ ಕೊಟ್ಟು ಬರುವವರು ಕೊಂಚವೇ. ಆದರೂ ಆ ತಂಡಗಳಿಗೆ ತರಬೇತುದಾರರು ಬೇಕು, ವೈದ್ಯರು ಬೇಕು, ಸಾವಿರಾರು ಮೈಲಿ ದೂರದ ಪಂದ್ಯಾಟಗಳಿಗೆ ಹೋಗಿ ಬರುವ ಖರ್ಚು ಬೇಕು, ಆಟಗಾರರ ವಿದ್ಯಾರ್ಥಿವೇತನವೂ ಬೇಕು. ಟಿಕೇಟಿನಿಂದ ಬರುವ ಹಣವು ಬಹುತೇಕ ಕಾಲೇಜುಗಳಲ್ಲಿ ಇದಕ್ಕೆಲ್ಲ ಸಾಲುವದಿಲ್ಲ. ಆದದರಿಂದ ಆ ತಾಯಿಯ ಎರಡನೆಯ ಪ್ರಶ್ನೆಗೆ ಉತ್ತರವು, ಚೆಂಡಿಗೆ ಗತಿಯುಂಟು, ಚೆಂಡಿನ ಹಿಂದೆ ಬರುವ ಖರ್ಚಿಗೆ ಇಲ್ಲ, ಎಂಬದೇ.

ಆಟಕ್ಕೆ ಪರರ ಹಣವನ್ನು ತರುವದು ಅಲ್ಲಿ ಇಂದು ನಿನ್ನೆಯ ಮಾತಲ್ಲ. ಎರಡು ಕಾಲೇಜುಗಳ ನಡುವೆ ನಡೆದ ಮೊದಲನೆಯ ಪಂದ್ಯವು 1852 ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಒಂದು ಸರೋವರದಲ್ಲಿ ಹಾರ್ವರ್ಡಿನವರಿಗೂ ಯೇಲಿನವರಿಗೂ ನಡೆದ ದೋಣಿಯ ಓಟ. ಅದರ ಖರ್ಚನ್ನು ಕೊಟ್ಟದ್ದು ಆ ಕಡೆಗೆ ಹಳಿ ಹಾಕಿದ್ದ ರೈಲ್ವೆ ಕಂಪೆನಿ. ಓಟ ನೋಡಲು ಬರುವವರು ರೈಲಿನಲ್ಲಿಯೇ ಬರಬೇಕಲ್ಲವೇ! ಫುಟ್‌ಬಾಲಿನ ಮೊದಲ ಪಂದ್ಯವು 1869 ನೇ ನವೆಂಬರ 6 ರಂದು ರಟ್ಗರ್ಸ್ ಕಾಲೇಜಿನಲ್ಲಿ ನಡೆಯಿತು. ರಟ್ಗರ್ಸಿನವರು ಆರಕ್ಕೆ ನಾಲ್ಕರಂತೆ ಪ್ರಿನ್ಸ್‌ಟನಿನವರನ್ನು ಸೋಲಿಸಿ, ಸಾಯಂಕಾಲ ಅವರನ್ನು ಕೂರಿಸಿಕೊಂಡು ಒಟ್ಟಿಗೆ ಊಟ ಮಾಡಿದರು. ಅಂದಿನ ಅತಿಥಿಯು ಎದುರಾಳಿ. ಇಂದಿನ ಅತಿಥಿಯು ದಾನಿ. ಈ ಮಾರ್ಪಾಟು ಹೇಗಾಯಿತೆಂಬದೇ ನಮಗೆ ಸ್ವಾರಸ್ಯವಾಗಿ ಕಂಡದ್ದು.

ಊರವರಿಂದ ಚಂದಾ ಎತ್ತುವದನ್ನು ಒಂದು ಕ್ರಮಕ್ಕೆ ತಂದವರಲ್ಲಿ ದಕ್ಷಿಣ ಕ್ಯಾರೊಲಿನಾದ ಕ್ಲೆಮ್‌ಸನ್ ಕಾಲೇಜಿನವರು ಪ್ರಸಿದ್ಧರು. 1934 ರಲ್ಲಿ, ದೇಶವೆಲ್ಲ ದಾರಿದ್ರ್ಯದಲ್ಲಿ ತೊಳಲುತ್ತಿದ್ದಾಗ, ವರುಷಕ್ಕೆ ಹತ್ತು ಡಾಲರು ಕೊಡುವವರ ಒಂದು ಸಂಘವನ್ನು ಅವರು ಕಟ್ಟಿದರು. 'ನಾನು ವರುಷಕ್ಕೆ ಹತ್ತು ಕೊಡುತ್ತೇನೆ' ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಐಪ್ಟೇ ಎಂದು ಹೆಸರಿಟ್ಟರು. ಹತ್ತು ಡಾಲರು ಕೈಯಲ್ಲಿಲ್ಲದ ರೈತರು ಹಾಲನ್ನೂ ಗೆಣಸನ್ನೂ ಸೊಪ್ಪನ್ನೂ ತಂದು ಒಪ್ಪಿಸಿದರಂತೆ. ಸುಗ್ಗಿಯ ಕಾಲದಲ್ಲಿ ಫಲವಸ್ತುಗಳನ್ನು ತಂದು ದೇವರ ಮುಂದಿಟ್ಟು ಹರಾಜು ಹಾಕುವ ನಮ್ಮ ಸಭೆಗಳ ಜನರಿಗೆ ಇದು ಹೊಸದಾಗಿ ಕಾಣಲಾರದು. ಇಂಥ ಸಂಘದವರನ್ನು ಅಲ್ಲಿ ಬೂಸ್ಟರರು ಎನ್ನುತ್ತಾರೆ. ಎತ್ತಿ ಹಿಡಿಯುವವರು ಎಂದರ್ಥ.

ಇನ್ನು ಔತಣಗಳ ರೀತಿಯನ್ನು ಹೇಳುವೆವು. ಎಲ್ಲಕ್ಕಿಂತ ಸರಳವಾದದ್ದು ಟೇಲ್‌ಗೇಟ್. ಮೋಟಾರು ಗಾಡಿಯ ಹಿಂಬಾಗಿಲಿಗೆ ಅಲ್ಲಿಯ ಹೆಸರು ಅದು. ಪಂದ್ಯಾಟದ ದಿನ ಅಭಿಮಾನಿಗಳು ಕ್ರೀಡಾಂಗಣದ ಹೊರಗಣ ಬಯಲಿನಲ್ಲಿ ಗಾಡಿಯನ್ನು ನಿಲ್ಲಿಸಿ, ಹಿಂಬಾಗಿಲನ್ನು ಇಳಿಸಿ ಅದನ್ನೇ ಮೇಜು ಮಾಡಿಕೊಂಡು, ಮನೆಯಿಂದ ತಂದ ಬುತ್ತಿಯನ್ನು ಬಿಚ್ಚಿ, ಒಲೆ ಹೊತ್ತಿಸಿ ಮಾಂಸ ಸುಟ್ಟು, ನೆರೆಯ ಗಾಡಿಯವರನ್ನೂ ಕರೆದು ತಿನ್ನುವರು. ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದವರು ಮರದ ನೆರಳಿನಲ್ಲಿ ಎತ್ತು ಬಿಚ್ಚಿ ಅಡಿಗೆ ಮಾಡುವದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜನರು ತಾವಾಗಿಯೇ ಕೂಡುವ ಈ ಬಯಲಿನಲ್ಲಿ ಕಾಲೇಜಿನವರೂ ಒಂದು ಡೇರೆ ಹಾಕಿ, ದಾನಿಗಳನ್ನು ಅದರೊಳಗೆ ಕರೆದು ಉಪಚರಿಸುವರು. ಗಾಡಿ ನಿಲ್ಲಿಸುವ ಒಳ್ಳೆಯ ಜಾಗವೂ ಹೆಚ್ಚು ಕೊಟ್ಟವರಿಗೇ.

ಒಳಾಂಗಣದ ಔತಣಕ್ಕೆ ಇನ್ನಷ್ಟು ಶಿಸ್ತುಂಟು. ಮೇಜಿಗೆ ಎಂಟೋ ಹತ್ತೋ ಜನರು. ಒಂದೊಂದು ಮೇಜಿಗೆ ಒಬ್ಬ ಆಟಗಾರನನ್ನೋ ಆಟಗಾರ್ತಿಯನ್ನೋ ಕೂರಿಸುವರು. ತರಬೇತುದಾರರು ಹೋದ ವರುಷದ ಸೋಲು ಗೆಲುವುಗಳ ಮೇಲೆ ಭಾಷಣ ಮಾಡುವರು. ಗೋಡೆಯ ಬದಿಯ ಮೇಜುಗಳಲ್ಲಿ ಮಾತಿಲ್ಲದ ಹರಾಜು ನಡೆಯುವದು: ಆಟಗಾರರು ರುಜು ಹಾಕಿದ ಚೆಂಡು, ದೂರದ ಪಂದ್ಯಕ್ಕೆ ತಂಡದೊಡನೆ ಪ್ರಯಾಣ, ಇಂಥವುಗಳ ಮುಂದೆ ಒಂದೊಂದು ಕಾಗದವನ್ನು ಇಟ್ಟಿರುತ್ತಾರೆ, ಬೇಕಾದವರು ಹೆಸರನ್ನೂ ಮೊತ್ತವನ್ನೂ ಬರೆಯಬೇಕು, ಮುಂದಿನವರು ಅದರ ಕೆಳಗೆ ಹೆಚ್ಚಿನದನ್ನು ಬರೆಯಬೇಕು, ಹೊತ್ತು ಮುಗಿದಾಗ ಕೊನೆಯಲ್ಲಿ ಬರೆದವರದು. ಬೇಸಗೆಯಲ್ಲಿ ಗಾಲ್ಫ್ ಪಂದ್ಯಗಳನ್ನು ಏರ್ಪಡಿಸಿ ದಾನಿಗಳನ್ನು ತರಬೇತುದಾರರೊಡನೆ ಆಡಿಸುವದೂ ಉಂಟು.

ಬಾಡಿಗೆ, ಅಡಿಗೆ, ಅಲಂಕಾರ ಇವುಗಳ ಲೆಕ್ಕ ತೀರಿಸಿದರೆ ಇಂಥ ಒಂದು ರಾತ್ರಿಯಲ್ಲಿ ಮಿಗುವ ಹಣವು ಜನರೆಣಿಸುವಷ್ಟಿರುವದಿಲ್ಲ. ನಮ್ಮ ಎಣಿಕೆಯಂತೆ ಔತಣದ ನಿಜವಾದ ಉದ್ದೇಶವು ಪರಿಚಯ. ದೊಡ್ಡ ದಾನವು ಊಟದ ಮೇಜಿನಲ್ಲಿ ಬರುವದಿಲ್ಲ. ಊಟ ಮಾಡಿದವನು ಮನೆಗೆ ಹೋಗಿ, ಮೇಜಿನಲ್ಲಿ ಮಾತಾಡಿದ ಹುಡುಗಿಯ ಹೆಸರನ್ನು ನೆನಪಿಟ್ಟುಕೊಂಡು, ಆರು ತಿಂಗಳ ಮೇಲೆ ಚೆಕ್ಕು ಬರೆಯುವಾಗ ಬರುವದು. ಇದನ್ನು ಅರಿತೇ ಕಾಲೇಜಿನವರು ಆಟಗಾರರಿಗೆ ಅತಿಥಿಗಳನ್ನು ಎದುರುಗೊಳ್ಳುವದನ್ನೂ ಕೃತಜ್ಞತೆಯ ಪತ್ರವನ್ನು ಕೈಯಾರೆ ಬರೆಯುವದನ್ನೂ ಕಲಿಸುತ್ತಾರೆ. ಹದಿನೆಂಟು ಹತ್ತೊಂಭತ್ತು ವರುಷದ ಹುಡುಗಿಯು ಅಪರಿಚಿತರಾದ ಹಿರಿಯರೊಡನೆ ಸಂಕೋಚವಿಲ್ಲದೆಯೂ ಸಲಿಗೆ ಮೀರದೆಯೂ ಮಾತಾಡಲು ಕಲಿಯುವದು ಒಳ್ಳೇ ಶಿಕ್ಷಣವೇ ಸರಿ. ಆದರೆ ತನ್ನ ಮನೆಯ ಕಷ್ಟವನ್ನು ಹಣ ತರುವ ಕಥೆಯಾಗಿ ಮೇಜಿನಿಂದ ಮೇಜಿಗೆ ಹೇಳುವ ಹಾಗೆ ಅವಳನ್ನು ಮಾಡಿದರೆ ನಾವು ಒಪ್ಪಲಾರೆವು.

ತೆರಿಗೆಯ ಕಾಯಿದೆಯೂ ಇದರಲ್ಲಿ ಸೇರಿಕೊಂಡಿದೆ. ವಿದ್ಯಾಸಂಸ್ಥೆಗೆ ಕೊಟ್ಟ ದಾನವನ್ನು ಅಮೇರಿಕದವರು ತಮ್ಮ ಆದಾಯದಿಂದ ಕಳೆದು ತೆರಿಗೆ ಕೊಡಬಹುದು. ಆದರೆ ತಿಂದ ಊಟವು ದಾನವಲ್ಲ. 150 ಡಾಲರು ಕೊಟ್ಟು 50 ಡಾಲರಿನ ಊಟ ಮಾಡಿದವನಿಗೆ ದಾನವೆಂದು ಲೆಕ್ಕವಾಗುವದು 100 ಮಾತ್ರ. 75 ಡಾಲರಿಗೆ ಮಿಕ್ಕಿ ಪಡೆದುಕೊಂಡ ಸಂಸ್ಥೆಯವರು ಊಟದ ಬೆಲೆಯನ್ನು ತಾವಾಗಿಯೇ ಬರೆದುಕೊಡಬೇಕು. ಫುಟ್‌ಬಾಲಿನ ಒಳ್ಳೇ ಆಸನಗಳನ್ನು ಕೊಳ್ಳುವ ಹಕ್ಕಿಗಾಗಿ ಕೊಡುವ ಕಾಣಿಕೆಯಲ್ಲಿಯೂ ನೂರಕ್ಕೆ 80 ರಷ್ಟನ್ನು ಬಹು ಕಾಲ ದಾನವೆಂದು ಒಪ್ಪುತ್ತಿದ್ದರು. 2017 ರ ಕೊನೆಯಲ್ಲಿ ಆದ ಕಾಯಿದೆಯಿಂದ ಆ ರಿಯಾಯಿತಿಯು ನಿಂತುಹೋಯಿತು. ಅಲ್ಲಿ ತೆರಿಗೆ ಕೊಡದೆ ನಮ್ಮೂರಲ್ಲಿರುವ ಹೆತ್ತವರಿಗೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಅತಿಥಿಯು ಯಜಮಾನನಾಗುವ ಅಪಾಯವೂ ಈ ಪದ್ಧತಿಯಲ್ಲಿ ಉಂಟು. ಟೆಕ್ಸಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ (ಹೆಸರನ್ನು ಬರೆಯುವಾಗ ನಮಗೆ ವ್ಯಸನವಾಗುತ್ತದೆ) ಒಬ್ಬ ದಾನಿಯ ಹಣದಿಂದ ಫುಟ್‌ಬಾಲ್ ಆಟಗಾರರಿಗೆ ಗುಟ್ಟಾಗಿ ಸಂಬಳವನ್ನು ಕೊಡುತ್ತಿದ್ದದ್ದು ಬೈಲಿಗೆ ಬಂತು. ಆಡಳಿತದವರಿಗೂ ಅದು ತಿಳಿದಿತ್ತು. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವು 1987 ರ ಅವರ ಪಂದ್ಯಗಳನ್ನೆಲ್ಲ ರದ್ದು ಮಾಡಿತು. ಮುಂದಿನ ವರುಷವೂ ಅವರು ಆಡಲಿಲ್ಲ. ದಾನಿಯ ಕೈಯಿಂದ ಆಟಗಾರನ ಕೈಗೆ ನೇರವಾಗಿ ಏನೂ ಹೋಗಕೂಡದೆಂಬ ನಿಯಮವು ಆ ಕಾಲದಲ್ಲಿ ಅಷ್ಟು ಬಿಗಿಯಾಗಿತ್ತು.

ಈಗ ಹೆಣ್ಣುಮಕ್ಕಳ ಸಂಗತಿಗೆ ಬರೋಣ. ನಮ್ಮನ್ನು ಈ ಲೇಖನಕ್ಕೆ ಹಚ್ಚಿದ್ದೂ ಅದೇ.

ಅಮೇರಿಕದ ಕಾಲೇಜುಗಳ ಹುಡುಗಿಯರು ಒಬ್ಬರೊಡನೊಬ್ಬರು ಬಾಸ್ಕೆಟ್ ಬಾಲ್ ಆಡಿದ ಮೊದಲನೆಯ ಪಂದ್ಯವು 1896 ನೇ ಎಪ್ರಿಲ್ 4 ರಂದು ಸಾನ್ ಫ್ರಾನ್ಸಿಸ್ಕೊ ಪಟ್ಟಣದಲ್ಲಿ ನಡೆಯಿತು. ಸ್ಟಾನ್‌ಫರ್ಡಿನವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರನ್ನು ಎರಡಕ್ಕೆ ಒಂದರಂತೆ ಗೆದ್ದರು. ನೋಡಲು ನೂರಾರು ಸ್ತ್ರೀಯರು ಬಂದಿದ್ದರು; ಪುರುಷ ಪ್ರೇಕ್ಷಕರಿಗೆ ಬಾಗಿಲನ್ನು ಹಾಕಿತ್ತು. ಆಮೇಲೆ ಹೆಣ್ಣುಮಕ್ಕಳ ವ್ಯಾಯಾಮ ಶಿಕ್ಷಕಿಯರು ಪಂದ್ಯಗಳೇ ಬೇಡವೆಂಬ ಅಭಿಪ್ರಾಯಕ್ಕೆ ಬಂದರು. 1923 ರಲ್ಲಿ ಲೂ ಹೆನ್ರಿ ಹೂವರ್ ಎಂಬ ಮಹಿಳೆಯ ಮುಂದಾಳುತನದಲ್ಲಿ ಕೂಡಿದವರು (ಇವರ ಪತಿಯು ಮುಂದೆ ದೇಶಾಧ್ಯಕ್ಷರಾದರು) ಹೆಣ್ಣುಮಕ್ಕಳ ಆಟವನ್ನು ಟಿಕೇಟಿನ ವ್ಯಾಪಾರಕ್ಕೆ ಒಪ್ಪಿಸಕೂಡದೆಂದು ಹೇಳಿದರು. ನಾಲ್ಕಾರು ಮಂದಿ ಗೆಲ್ಲುವದಕ್ಕಿಂತ ಪ್ರತಿಯೊಬ್ಬ ಹುಡುಗಿಯೂ ಆಡಬೇಕೆಂಬದು ಅವರ ಧ್ಯೇಯ. ಹೀಗೆ ಹುಟ್ಟಿದ್ದೇ 'ಪ್ಲೇ ಡೇ' ಎಂಬ ಆಟದ ದಿನ. ಹಲವು ಕಾಲೇಜುಗಳ ಹುಡುಗಿಯರು ಒಂದೆಡೆ ಕೂಡಿ, ಕಾಲೇಜಿನ ಹೆಸರಿಲ್ಲದೆ ಕಲಸಿದ ತಂಡಗಳಾಗಿ ಆಡಿ, ಕೊನೆಯಲ್ಲಿ ಚಹಾ ಫಲಾಹಾರ ಮಾಡಿ ಚದರುತ್ತಿದ್ದರು. ಆತಿಥ್ಯವಿತ್ತು, ವಸೂಲಿ ಇರಲಿಲ್ಲ.

ಇದನ್ನು ಓದಿದಾಗ ನಮಗೆ ಬಹಳ ಹಿತವಾಯಿತು. ನಾವು ಹೆಣ್ಣುಮಕ್ಕಳಿಗೆ ಆಟ ಕಲಿಸಿದ್ದೂ ಹೆಚ್ಚು ಕಡಿಮೆ ಇದೇ ಮನಸ್ಸಿನಿಂದ. ಆದರೆ ಮುಂದೆ ಓದುತ್ತ ಹೋದಂತೆ ಆ ಶಿಕ್ಷಕಿಯರ ಸದುದ್ದೇಶಕ್ಕೆ ತೆತ್ತ ಬೆಲೆಯೂ ಕಾಣಬಂತು. ಐವತ್ತು ವರುಷ ಗಂಡುಮಕ್ಕಳ ತಂಡಗಳು ಅಭಿಮಾನಿಗಳನ್ನು ಕೂಡಿಸಿ, ಉಣಿಸಿ, ಚಂದಾ ಎತ್ತಿ, ಕ್ರೀಡಾಂಗಣಗಳನ್ನು ಕಟ್ಟಿಸಿಕೊಂಡವು. ಹೆಣ್ಣುಮಕ್ಕಳ ತಂಡಗಳಿಗೆ ಚಹಾದ ಬಟ್ಟಲುಗಳು ಉಳಿದವು. ನೋಡುವವರೇ ಇಲ್ಲದ ಆಟಕ್ಕೆ ದಾನಿಗಳು ಎಲ್ಲಿಂದ ಬರುವರು?

ಪೆನ್ಸಿಲ್ವೇನಿಯಾದಲ್ಲಿ ಕನ್ಯಾಸ್ತ್ರೀಯರು ನಡಿಸುತ್ತಿದ್ದ ಇಮ್ಮಾಕ್ಯುಲೇಟಾ ಎಂಬ ಚಿಕ್ಕ ಮಹಿಳಾ ಕಾಲೇಜಿನ ಸಮಾಚಾರವನ್ನು ಇಲ್ಲಿ ಹೇಳಲೇಬೇಕು. 1967 ರಲ್ಲಿ ಅವರ ಆಟದ ಕಟ್ಟಡವು ಬೆಂಕಿಗೆ ಆಹುತಿಯಾಗಿತ್ತು. ತರಬೇತುಗಾರ್ತಿಯಾದ ಕ್ಯಾಥಿ ರಷ್ ಎಂಬವರಿಗೆ ಇಡೀ ಹಂಗಾಮಿಗೆ ಕೊಡುತ್ತಿದ್ದ ಸಂಬಳವು 450 ಡಾಲರು. 1972 ರಲ್ಲಿ ಹೆಣ್ಣುಮಕ್ಕಳ ಮೊದಲ ರಾಷ್ಟ್ರೀಯ ಪಂದ್ಯಾವಳಿಯು ಇಲಿನಾಯ್ ಸಂಸ್ಥಾನದಲ್ಲಿ ಏರ್ಪಟ್ಟಾಗ ಅಲ್ಲಿಗೆ ಹೋಗಲು ಹಣವಿರಲಿಲ್ಲ. ಹುಡುಗಿಯರು ಹಲ್ಲುಜ್ಜುವ ಬ್ರಷುಗಳನ್ನು ಮಾರಿ ಹಣ ಕೂಡಿಸಿದರು. ಅದೂ ಸಾಲದೆ ಹನ್ನೊಂದು ಆಟಗಾರ್ತಿಯರಲ್ಲಿ ಎಂಟು ಮಂದಿ ಮಾತ್ರ ಹೋದರು. ವಿಮಾನದಲ್ಲಿ ಯಾರೂ ಕೊಳ್ಳದೆ ಉಳಿದ ಜಾಗಗಳಿಗಾಗಿ ಕಾದಿದ್ದು ಪ್ರಯಾಣ ಮಾಡಿದರು. ಹಿಂದಿನ ವಾರವಷ್ಟೇ ತಮ್ಮನ್ನು 32 ಅಂಕಗಳಿಂದ ಸೋಲಿಸಿದ್ದ ವೆಸ್ಟ್ ಚೆಸ್ಟರಿನವರನ್ನು ಕಡೆಯ ಪಂದ್ಯದಲ್ಲಿ 52 ಕ್ಕೆ 48 ರಂತೆ ಗೆದ್ದರು. ಮುಂದಿನ ಎರಡು ವರುಷವೂ ಗೆಲುವು ಅವರದೇ. ಆ ತಂಡಕ್ಕೆ ಬೂಸ್ಟರರು ಯಾರೆಂದರೆ ಕನ್ಯಾಸ್ತ್ರೀಯರೂ ಹೆತ್ತವರೂ: ಆಟಗಾರ್ತಿಯೊಬ್ಬಳ ತಂದೆಯು ತನ್ನ ಕಬ್ಬಿಣ ಸಾಮಾನಿನ ಅಂಗಡಿಯಿಂದ ಬಕೆಟುಗಳನ್ನು ತಂದುಕೊಟ್ಟನು, ಕನ್ಯಾಸ್ತ್ರೀಯರು ಕೋಲುಗಳಿಂದ ಅವುಗಳನ್ನು ಬಡಿದು ಸದ್ದು ಮಾಡಿ ಹುಡುಗಿಯರನ್ನು ಹುರಿದುಂಬಿಸಿದರು. 1975 ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಿನಲ್ಲಿ ಅವರ ಆಟವನ್ನು ನೋಡಲು ಸುಮಾರು 12,000 ಜನರು ಬಂದರು.

ಟೆನ್ನೆಸೀ ವಿಶ್ವವಿದ್ಯಾಲಯದಲ್ಲಿಯೂ ಹೀಗೆಯೇ. 1974 ರಲ್ಲಿ ಪ್ಯಾಟ್ ಸಮ್ಮಿಟ್ ಎಂಬ 22 ವರುಷದ ಯುವತಿಯು ತಿಂಗಳಿಗೆ 250 ಡಾಲರಿನ ಮೇಲೆ ತರಬೇತುಗಾರ್ತಿಯಾದಾಗ, ಹುಡುಗಿಯರ ಸಮವಸ್ತ್ರಗಳು ಹಿಂದಿನ ವರುಷ ಡೋನಟ್ ಎಂಬ ಸಿಹಿ ತಿಂಡಿಯನ್ನು ಮಾರಿದ ಹಣದಿಂದ ಕೊಂಡವು; ಅವುಗಳನ್ನು ಒಗೆಯುವ ಕೆಲಸವೂ ಆಕೆಯದೇ. ಆಕೆಯ ತಂಡಗಳು ಮುಂದೆ ಎಂಟು ಸಲ ರಾಷ್ಟ್ರೀಯ ವಿಜಯವನ್ನು ಪಡೆದವು.

ಇಮ್ಮಾಕ್ಯುಲೇಟಾದವರು ಗೆದ್ದ ಆ 1972 ನೇ ವರುಷದ ಜೂನ್ ತಿಂಗಳಲ್ಲಿಯೇ 'ಟೈಟಲ್ ನೈನ್' ಎಂಬ ಕಾಯಿದೆಯು ಬಂತು. ಸರಕಾರದ ಹಣವನ್ನು ಪಡೆಯುವ ವಿದ್ಯಾಸಂಸ್ಥೆಯು ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂಬದು ಅದರ ಸಾರಾಂಶ. ಮೂಲ ವಾಕ್ಯದಲ್ಲಿ ಆಟವೆಂಬ ಶಬ್ದವೇ ಇಲ್ಲ; ಆದರೂ ಆಟವು ಶಿಕ್ಷಣದ ಭಾಗವಾದದ್ದರಿಂದ ಅದಕ್ಕೂ ಅನ್ವಯಿಸಿತು. ಆಗ ಒಂದು ಕಠಿಣವಾದ ಪ್ರಶ್ನೆಯು ಎದ್ದಿತು. ಔತಣ ಮಾಡಿ ಎತ್ತಿದ ಹಣವು ಸರಕಾರದ್ದಲ್ಲ, ಕಾಲೇಜಿನದೂ ಅಲ್ಲ. ದಾನಿಯು ತನ್ನಿಷ್ಟದಿಂದ ಗಂಡುಮಕ್ಕಳ ತಂಡಕ್ಕೇ ಕೊಟ್ಟದ್ದು. ಅದರಲ್ಲಿ ಹೆಣ್ಣುಮಕ್ಕಳಿಗೆ ಪಾಲುಂಟೋ?

ಫ್ಲಾರಿಡಾದ ಬ್ರೆವರ್ಡ್ ಜಿಲ್ಲೆಯಲ್ಲಿ 1997 ರಲ್ಲಿ ಇದೇ ಪ್ರಶ್ನೆಯು ನ್ಯಾಯಾಲಯಕ್ಕೆ ಬಂತು. ಅದು ಕಾಲೇಜಲ್ಲ, ಹೈಸ್ಕೂಲು. ಆದುದರಿಂದಲೇ ನಮಗೆ ಇನ್ನೂ ಹತ್ತಿರದ್ದಾಗಿ ತೋರಿತು. ಹುಡುಗರ ಚೆಂಡಾಟದ ಬಯಲಿಗೆ ವಿದ್ಯುದ್ದೀಪಗಳೂ ಅಂಕಗಳ ಹಲಗೆಯೂ ಒಳ್ಳೇ ಆಸನಗಳೂ ತಿಂಡಿಯ ಅಂಗಡಿಯೂ ಇದ್ದವು. ಹುಡುಗಿಯರ ಬಯಲಿಗೆ ದೀಪವೂ ಇರಲಿಲ್ಲ. ಹುಡುಗರ ಬೂಸ್ಟರ್ ಸಂಘದವರು ತಾವೇ ಹಣ ಕೂಡಿಸಿ ಮಾಡಿಸಿದ್ದು, ಅದಕ್ಕೆ ನಾವು ಹೊಣೆಯಲ್ಲ, ಎಂದು ಶಾಲೆಯ ಮಂಡಲಿಯವರು ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ: ಹಣ ಯಾರದಾದರೂ ಶಾಲೆಯು ಅದನ್ನು ಸ್ವೀಕರಿಸಿತಲ್ಲ, ಮಕ್ಕಳು ಇಬ್ಬರೂ ಶಾಲೆಯವರೇ. ಸಮ ಮಾಡಿರೆಂದು ಹೇಳಿದಾಗ ಮಂಡಲಿಯವರು ಮುಂದಿಟ್ಟ ಉಪಾಯವನ್ನು ಕೇಳಬೇಕು! ಹುಡುಗರ ಆಸನಗಳಿಗೆ ಹಗ್ಗ ಕಟ್ಟುವೆವು, ಅಂಕಗಳ ಹಲಗೆಯ ತಂತಿಯನ್ನು ಕಳಚುವೆವು, ತಿಂಡಿಯ ಅಂಗಡಿಯನ್ನು ಮುಚ್ಚುವೆವು, ಎಂದರು. ಒಬ್ಬಳಿಗೆ ಅನ್ನವಿಲ್ಲವೆಂದರೆ ಇನ್ನೊಬ್ಬನ ಎಲೆಯನ್ನು ಎತ್ತುವ ಈ ನ್ಯಾಯವು ನ್ಯಾಯಾಧೀಶರಿಗೂ ರುಚಿಸಲಿಲ್ಲ.

ದಾನಿಯು ತನಗೆ ಬೇಕಾದ ತಂಡಕ್ಕೆ ಕೊಡಬಹುದು. ಕಾಸಿಗೆ ಕಾಸು ಸಮವಾಗಬೇಕೆಂದೂ ಇಲ್ಲ. ಆದರೆ ಆ ದಾನದಿಂದ ಹುಡುಗರಿಗೆ ಹೆಚ್ಚಿನ ಅನುಕೂಲಗಳಾದರೆ, ಹುಡುಗಿಯರಿಗೂ ಅಂಥವನ್ನು ಬೇರೆ ಕಡೆಯಿಂದಾದರೂ ತಂದು ಒದಗಿಸುವ ಭಾರವು ಕಾಲೇಜಿನ ಮೇಲೆ ಬೀಳುವದು. ಹೀಗಾಗಿ ಹುಡುಗಿಯರ ತಂಡಗಳೂ ಔತಣ ಮಾಡುವದನ್ನು ಕಲಿತವು.

ಈಚೆಗೆ ಈ ಏರ್ಪಾಡೂ ಅಲುಗಾಡುತ್ತಿದೆ. 2021 ನೇ ಜುಲೈಯಿಂದ ಆಟಗಾರರು ತಮ್ಮ ಹೆಸರಿನಿಂದಲೂ ಚಿತ್ರದಿಂದಲೂ ಹಣ ಸಂಪಾದಿಸಬಹುದೆಂದಾಯಿತು. ಕೂಡಲೆ ದಾನಿಗಳು ಕಾಲೇಜಿನ ಹೊರಗೆ ಕೂಟಗಳನ್ನು ಕಟ್ಟಿ ಅವರಿಗೆ ಹಣ ಒದಗಿಸತೊಡಗಿದರು. 2025 ನೇ ಜೂನಿನಲ್ಲಿ ನ್ಯಾಯಾಲಯವು ಒಪ್ಪಿದ ರಾಜಿಯ ಪ್ರಕಾರ ದೊಡ್ಡ ಕಾಲೇಜುಗಳೇ ಮೊದಲನೆಯ ವರುಷದಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರುಗಳ ವರೆಗೆ ತಮ್ಮ ಆಟಗಾರರಿಗೆ ಹಂಚಬಹುದು. ಟೆಕ್ಸಾಸಿನಲ್ಲಿ ಗುಟ್ಟಾಗಿ ಮಾಡಿ ಶಿಕ್ಷೆ ಹೊಂದಿದ್ದನ್ನು ಈಗ ಲೆಕ್ಕ ಬರೆದು ಮಾಡುತ್ತಾರೆಂದರೂ ಸಲ್ಲುವದು. ಹೆಣ್ಣಿಗೆಷ್ಟು ಗಂಡಿಗೆಷ್ಟು ಎಂಬದನ್ನು ರಾಜಿಯು ಹೇಳಲಿಲ್ಲ. ದೊಡ್ಡ ಪಾಲು ಗಂಡುಮಕ್ಕಳ ಫುಟ್‌ಬಾಲಿಗೂ ಬಾಸ್ಕೆಟ್ ಬಾಲಿಗೂ ಹೋಗುವದೆಂದು ತಿಳಿದವರು ಹೇಳುತ್ತಾರೆ. ಆ ಹಣವನ್ನು ತುಂಬಿಸಲು ಔತಣಗಳು ಹೆಚ್ಚುವವೇ ಹೊರತು ಕಡಿಮೆಯಾಗಲಾರವು.

ಆ ತಾಯಿಯು ಎರಡನೆಯ ಸಲ ಬಂದಾಗ ನಾವು ಅವರಿಗೆ, ಮೂರು ಸಂಗತಿಗಳನ್ನು ಬರೆದು ಕೇಳಿರಿ ಎಂದೆವು: ಹಣವು ಯಾವ ತಂಡಕ್ಕೆ, ರಶೀದಿ ಕೊಡುವವರು ಕಾಲೇಜಿನವರೋ ಹೊರಗಿನ ಸಂಘದವರೋ, ಅದರಲ್ಲಿ ಊಟದ ಬೆಲೆ ಎಷ್ಟು. ವಾರದೊಳಗೆ ಉತ್ತರ ಬಂತು. ಹಣವು ಹುಡುಗಿಯರ ಪ್ರಯಾಣದ ಖರ್ಚಿಗೆ, ರಶೀದಿ ಕಾಲೇಜಿನದೇ. ಅಷ್ಟು ದೂರ ಹೋಗಿ ಉಣ್ಣುವದು ಆಗದ ಮಾತಾದದ್ದರಿಂದ ಅವರು ಹಣ ಕಳುಹಿಸಿ, ತಮ್ಮ ಜಾಗದಲ್ಲಿ ಮಗಳನ್ನು ಕೂರಿಸಬೇಕೆಂದು ಬರೆದರು. ಊಟದಲ್ಲಿ ಕೋಳಿಯೂ ಆಲೂಗಡ್ಡೆಯೂ ಇತ್ತಂತೆ. ಪಕ್ಕದಲ್ಲಿ ಕುಳಿತ ಆಟಗಾರ್ತಿಗೆ ಮರುದಿನ ರಸಾಯನ ಶಾಸ್ತ್ರದ ಪರೀಕ್ಷೆಯಿತ್ತಾದ್ದರಿಂದ, ಭಾಷಣವು ನಡೆಯುತ್ತಿರುವಾಗ ಇಬ್ಬರೂ ಮೇಜಿನ ಕೆಳಗೆ ಪುಸ್ತಕ ಬಿಡಿಸಿಕೊಂಡು ಪಾಠ ಒಪ್ಪಿಸಿದರೆಂದು ಮಗಳು ಬರೆದಿದ್ದಾಳೆ.